ಎಂಜಿನ್ನಿಗೆ ಮುಖ

ಸೋಮವಾರ ಬೆಳಿಗ್ಗೆ ನಾನು ಖಾಲಿ ಹೊಟ್ಟೆ.
ದಾವಣಗೆರೆಯಲ್ಲಿ ಹುಟ್ಟಿ, ಬೆಣ್ಣೆದೋಸೆಯ ಹೋಟೆಲನ್ನು
ಮೂಗು ಮುಚ್ಚಿಕೊಂಡು ದಾಟಿ ಸ್ಟೇಷನ್ನಿಗೆ ಬರುವವಳು
ಊರಲ್ಲಿ ನಾನೊಬ್ಬಳೇ ಇರಬೇಕು.

ಎಡಗೈಯಲ್ಲಿ ನಿಂಬೆಹಣ್ಣು, ಯಾರೋ ದೃಷ್ಟಿ ತೆಗೆದು ಕೊಟ್ಟಂತೆ.
ಬ್ಯಾಗಿನ ಒಳಜೇಬಿನಲ್ಲಿ ಮಡಿಸಿಟ್ಟ ಪ್ಲಾಸ್ಟಿಕ್ ಚೀಲ.
ಗಾಡಿ ಪೂರ್ತಿ ನಿಲ್ಲುವ ಮೊದಲೇ ಸರಳಿನ ಸಂದಿಯಿಂದ
ಕರ್ಚೀಫು ಎಸೆದು ಹಿಡಿಯುತ್ತೇನೆ ಸೀಟು:
ಕಿಟಕಿ ಬದಿ, ಎಂಜಿನ್ನಿಗೆ ಮುಖ.

ದುರ್ಗದ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹನ್ನೊಂದು ವರ್ಷ
ಯಾರ ಯಾರದೋ ಜಮೀನಿಗೆ ಚೆಕ್ಕುಬಂದಿ ಬರೆದವಳು,
ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ.
ನನ್ನದು ಎಂದು ಇರುವುದು ಒಂದೂವರೆ ಅಡಿ ರೆಕ್ಸಿನ್,
ಒಂದು ಕಡೆ ಗಾಳಿ, ಇನ್ನೊಂದು ಕಡೆ ಯಾರದೋ ಮೊಣಕೈ.
"ಸ್ವಲ್ಪ ಸರೀರಿ ಅಕ್ಕಾರ, ಹುಡುಗ ಹೊರಗೆ ನೋಡ್ತಾನಂತೆ."
ಸರಿಯುವುದಿಲ್ಲ. ಕಾರಣ ಹೇಳುವುದೂ ಇಲ್ಲ.
ಜಂಬ ಅಂದುಕೊಳ್ಳಲಿ. ಜಂಬಕ್ಕೆ ಮರ್ಯಾದೆ ಇದೆ,
ವಾಂತಿಗೆ ಇಲ್ಲ.

ಅವತ್ತು ಎದುರಿಗೆ ಬಂದು ಕೂತವರು ದುಗ್ಗಪ್ಪ ಪೈಲ್ವಾನರು.
ಮುದ್ದೆಯಾದ ಕಿವಿ, ಇಬ್ಬರ ಜಾಗ ಬೇಡುವ ಭುಜ,
ತಪ್ಪು ಮಾಡಿದವರಂತೆ ಮಡಚಿಕೊಂಡ ಮೊಣಕಾಲು.
ತೋಳಹುಣಸೆ ದಾಟುತ್ತಲೂ ಪಕ್ಕದ ಹುಡುಗರು
ಪೇಪರ್ ಬಿಚ್ಚಿದರು: ಮಂಡಕ್ಕಿ, ಮಿರ್ಚಿ, ಹಸಿ ಈರುಳ್ಳಿ.
"ತಗೊಳ್ರಿ ಮೇಡಂ" ಅಂತ ಮೊದಲು ನನಗೇ ಚಾಚಿದರು.
ನಮ್ಮ ಕಡೆಯ ಮಕ್ಕಳು, ಬಿಟ್ಟು ತಿನ್ನಲಾರರು.
ಕರಿದ ಎಣ್ಣೆಯ ವಾಸನೆ ನನ್ನ ನಾಲಿಗೆಯ ಬುಡದಲ್ಲಿ
ಚಕ್ಕಳಮಕ್ಕಳ ಹಾಕಿ ಕೂತಿತು.

ಕೊಡಗನೂರು ಕೆರೆ ನೋಡುತ್ತೇನೆ ಯಾವಾಗಲೂ.
ಅಷ್ಟಗಲದ ನೀರು ಬೇಗ ಓಡಿಹೋಗುವುದಿಲ್ಲ.
ಪೈಲ್ವಾನರೂ ಅದನ್ನೇ ನೋಡುತ್ತಿದ್ದರು,
ದಪ್ಪ ಕತ್ತನ್ನು ಆದಷ್ಟೂ ಮುಂದಕ್ಕೆ ಹೊರಳಿಸಿ.
ಆಕಳಿಕೆ. ಮತ್ತೆ ಆಕಳಿಕೆ. ಮೇಲೆ ಕೆಳಗೆ ಗಂಟಲಮಣಿ.
ಮೀಸೆಯ ಅಂಚಿಗೆ ಸಾಸಿವೆಯಷ್ಟು ಬೆವರು.
ಕಳ್ಳರ ಗುರುತು ಕಳ್ಳರಿಗೇ ಸಿಗುವುದು.

"ಇತ್ತ ಬರ್ರಿ" ಅನ್ನಬಹುದಿತ್ತು. ಅನ್ನಲಿಲ್ಲ.
ಮಾಯಕೊಂಡ ಬಂತು, ಸಾಸಲು ಬಂತು, ಅನ್ನಲಿಲ್ಲ.
ನಿಂಬೆಹಣ್ಣು ಉಗುರಿನಲ್ಲಿ ಸೀಳಿ ಅರ್ಧ ಕೊಟ್ಟೆ.
ಅವರು ಮುಷ್ಟಿಯೊಳಗೆ ಮುಚ್ಚಿ, ಮೂಗಿಗೆ ಹಿಡಿದು
ಕೆಮ್ಮು ಬಂದವರ ಹಾಗೆ ನಟಿಸಿದರು.

ಚಿಕ್ಕಜಾಜೂರಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು.
ಅವತ್ತು ಏನಾಗಿತ್ತೋ, ಎಂಜಿನ್ ಕಳಚಿಕೊಂಡು ಹೋಗಿ
ಹಿಂದಿನ ತುದಿಗೆ ಬಂದು ಧಡ್ ಅಂತ ಸೇರಿತು.
ಹೊರಟಾಗ ಪ್ಲಾಟ್‌ಫಾರಮ್ಮಿನ ನಲ್ಲಿ, ಬೇವಿನ ಮರ
ಬೆನ್ನ ಹಿಂದಿನಿಂದ ಬಂದು ಕಣ್ಣೆದುರು ದೂರವಾದವು.
ಹನ್ನೊಂದು ವರ್ಷದ ಚೆಕ್ಕುಬಂದಿ
ಒಂದೇ ಏಟಿಗೆ ತಿರುಗುಮುರುಗು.

ಪೈಲ್ವಾನರು ಎದ್ದರು. ಅವರದೀಗ ಒಳ್ಳೆಯ ಸೀಟು.
"ಇಲ್ಲಿ ಕುಂದರ್ರಿ ಅಕ್ಕಾರ."
ಮಿಕ್ಕವರಿಗೆ ಕೇಳುವಷ್ಟು ಜೋರಾಗಿ ಅಲ್ಲ.

ಕೂತೆ. ಬೇಡ ಅನ್ನಲು ಬಾಯಿ ತೆರೆಯುವ ಹಾಗಿರಲಿಲ್ಲ.
ಅವರು ನನ್ನ ಜಾಗದಲ್ಲಿ, ಮತ್ತೆ ಎಂಜಿನ್ನಿಗೆ ಬೆನ್ನು,
ಕಣ್ಣು ಮುಚ್ಚಿ, ಮುಷ್ಟಿಯಲ್ಲಿ ಹಿಂಡಿದ ಸಿಪ್ಪೆ.
ಅಮೃತಾಪುರ ದಾಟಿದ ಮೇಲೆ ದುರ್ಗದ ಗುಡ್ಡಸಾಲು.
ಮೇಲೆ ಗಾಳಿಯಂತ್ರಗಳು, ಮೂರು ಮೂರು ಕೈ ಚಾಚಿ
ನಿಧಾನ, ನಿಧಾನ, ನನ್ನ ಕರುಳನ್ನು
ರಾಟೆಗೆ ಸುತ್ತಿಕೊಳ್ಳತೊಡಗಿದವು.

ಚೀಲ ಕೈಗೆ ಸಿಗುವಷ್ಟರಲ್ಲಿ ಆಗಿಹೋಯಿತು, ಸರಳಿನಾಚೆ.
ಹಿಂದಿನ ಕಿಟಕಿಯವರು ಬೈದರು. ಬಿಳಿ ಅಂಗಿಯಂತೆ.
ಬೈದದ್ದು ಸರಿಯೇ.

ಹೆಗಲ ಟವೆಲ್ಲು ತೆಗೆದು ಕೊಟ್ಟರು ಪೈಲ್ವಾನರು,
ಒಂದೇ ಕಣ್ಣು ತೆರೆದು.
"ಆ ಚೀಲ ಖಾಲಿ ಐತಲ್ರಿ?
ಇತ್ತ ಕೊಡ್ರಿ. ಜಲ್ದಿ."